ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದಲ್ಲಿ ಮನೆ ಹಿಡಿಯುವ ಮೊದಲು ನೀರು ಎಲ್ಲಿಗೆ ಬಂದಿತ್ತು ಅಂತ ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಶಿವಮೊಗ್ಗದವಳು. ಈಗ ಕೆಲವು ವರ್ಷಗಳಿಂದ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದ್ದೇನೆ. ಫೆಬ್ರವರಿ ಮತ್ತು ಜುಲೈನಲ್ಲಿ ಇಲ್ಲಿ ಸೆಮಿಸ್ಟರ್ ಶುರುವಾಗುತ್ತದೆ, ಅದಕ್ಕೆ ಒಂದೆರಡು ತಿಂಗಳು ಮುಂಚೆ ನನಗೆ ಊರಿಂದ ಫೋನ್ ಶುರುವಾಗುತ್ತದೆ. ಪರಿಚಯದವರು, ಪರಿಚಯದವರ ಪರಿಚಯದವರು. "ಅಕ್ಕಾ, ಮಗಳಿಗೆ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯಲ್ಲಿ ಸೀಟ್ ಸಿಕ್ಕಿದೆ. ಸೇಂಟ್ ಲೂಸಿಯಾದಲ್ಲಿ ಒಂದು ಮನೆ ನೋಡಿಕೊಂಡಿದ್ದಾಳೆ. ನೆಲಮಹಡಿ, ಹತ್ತು ಹೆಜ್ಜೆಗೆ ಹೊಳೆಯಂತೆ, ಬಾಡಿಗೆಯೂ ಅಕ್ಕಪಕ್ಕದ್ದಕ್ಕಿಂತ ಕಡಿಮೆ. ಹಿಡೀಬಹುದಾ?"

ಈ ಪ್ರಶ್ನೆಗೆ ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಉತ್ತರ ಹೇಳುತ್ತೇನೆ. ಈ ಸಲ ನಿಮ್ಮ ಪತ್ರಿಕೆಗೆ ಬರೆಯೋಣ ಅನ್ನಿಸಿತು. ಏಕೆಂದರೆ ಹತ್ತು ಹೆಜ್ಜೆಗೆ ಹೊಳೆ ಇದ್ದ ನೆಲಮಹಡಿಯ ಮನೆಯಲ್ಲಿ ನಾವೂ ಇದ್ದೆವು.

ಮೊದಲೇ ಹೇಳಿಬಿಡುತ್ತೇನೆ, ಸೇಂಟ್ ಲೂಸಿಯಾ ನನಗೆ ತುಂಬಾ ಇಷ್ಟವಾದ ಜಾಗ. ಬರೆಯುವುದು ಹಾಗೆ, ಇಲ್ಲಿಯವರು ಬಾಯಲ್ಲಿ ಹೇಳುವುದು "ಸೇಂಟ್ ಲೂಷ" ಅಂತ. ನಗರದ ನಡುಭಾಗದಿಂದ ನಾಲ್ಕೈದು ಕಿಲೋಮೀಟರ್ ಅಷ್ಟೆ. ಬ್ರಿಸ್ಬೇನ್ ನದಿ ನಗರದೊಳಗೆ ಹಾವಿನ ಹಾಗೆ ಸುತ್ತಿ ಸುತ್ತಿ ಹರಿಯುತ್ತದೆ. ಅಂಥ ಒಂದು ಸುತ್ತಿನೊಳಗೆ ಸಿಕ್ಕಿಕೊಂಡ ನೆಲ ಇದು. ಮೂರು ಕಡೆ ನೀರು, ಒಂದು ಕಡೆ ಮಾತ್ರ ಭೂಮಿ. ಈ ನೆಲದ ಮೂಲ ಜನ ತುರ್ಬಲ್ ಮತ್ತು ಜಗೆರ ಸಮುದಾಯದವರು. ನದಿಗೆ ಅವರ ಹೆಸರು ಮೈವಾರ್. ಇವತ್ತಿಗೂ ಈ ಭಾಗದ ವಿಧಾನಸಭಾ ಕ್ಷೇತ್ರದ ಹೆಸರು ಅದೇ. ಬಿಳಿಯರು ಬಂದ ಮೇಲೆ ಇಲ್ಲಿ ಕಬ್ಬು ಬೆಳೆದರು. ವೆಸ್ಟ್ ಇಂಡೀಸ್‌ನ ಸೇಂಟ್ ಲೂಸಿಯಾ ದ್ವೀಪದಲ್ಲಿ ಹುಟ್ಟಿದ್ದ ವಿಲ್ಸನ್ ಎಂಬವರು ತಮ್ಮ ಹುಟ್ಟೂರಿನ ಹೆಸರನ್ನೇ ಇದಕ್ಕೂ ಇಟ್ಟರು.

ಆದರೆ ಊರಿಗೆ ಊರಿನ ರೂಪ ಬಂದದ್ದು ಯೂನಿವರ್ಸಿಟಿಯಿಂದ. 1920ರ ದಶಕದಲ್ಲಿ ಡಾಕ್ಟರ್ ಜೇಮ್ಸ್ ಮೇನ್ ಮತ್ತು ಅವರ ಅಕ್ಕ ಮೇರಿ ಎಮೀಲಿಯಾ ಮೇನ್ ಈ ಜಾಗ ಕೊಳ್ಳಲು ದುಡ್ಡು ಕೊಟ್ಟರು. ಒಡಹುಟ್ಟಿದ ಇಬ್ಬರು ಸೇರಿ ಕೊಟ್ಟ ದಾನ. 114 ಹೆಕ್ಟೇರ್ ಕ್ಯಾಂಪಸ್ ಇವತ್ತು ಅಲ್ಲಿ ನಿಂತಿದೆ. 1938ರಲ್ಲಿ ಕಟ್ಟಡ ಶುರುವಾಯಿತು, ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು, ಮುಗಿಯದ ಕಟ್ಟಡದಲ್ಲಿ ಆಸ್ಟ್ರೇಲಿಯಾದ ಜನರಲ್ ಬ್ಲೇಮಿಯ ಸೇನಾ ಕಚೇರಿ ಕೂತಿತು. ಯುದ್ಧ ಮುಗಿದ ಮೇಲಷ್ಟೇ ಪಾಠ. ಮರಳುಗಲ್ಲಿನ ಕಂಬಗಳ ಸಾಲು ಇರುವ ಗ್ರೇಟ್ ಕೋರ್ಟ್ ಎಂಬ ಅಂಗಳದಲ್ಲಿ ಸಂಜೆ ಬಿಸಿಲು ಬಿದ್ದಾಗ ಕಲ್ಲು ಒಂದೊಂದೂ ಬೇರೆ ಬಣ್ಣ, ನೇರಳೆ, ಜೇನು, ಸುಟ್ಟ ಇಟ್ಟಿಗೆ ಹಾಗೆ. ಅಕ್ಟೋಬರ್ ಬಂತೆಂದರೆ ಜಕರಂದ ಮರಗಳು ಒಟ್ಟಿಗೆ ಹೂ ಬಿಡುತ್ತವೆ, ನಮ್ಮ ಬೆಂಗಳೂರಿನ ರಸ್ತೆಗಳಲ್ಲೂ ಇದೇ ಮರ ಇದೆಯಲ್ವಾ, ಅಲ್ಲಿ ಬೇಸಿಗೆಗೆ ಮೊದಲು, ಇಲ್ಲಿ ಪರೀಕ್ಷೆಗೆ ಮೊದಲು. ಹೂ ಉದುರುವ ಹೊತ್ತಿಗೆ ಓದು ಶುರು ಮಾಡದವರು ಕೆಟ್ಟರು ಅಂತ ಮಕ್ಕಳು ಮಾತಾಡಿಕೊಳ್ಳುತ್ತಾರೆ.

ಓಡಾಟಕ್ಕೆ ತೊಂದರೆಯೇ ಇಲ್ಲ. ಸಿಟಿಕ್ಯಾಟ್ ಅಂತ ನೀಲಿ-ಬಿಳಿ ದೋಣಿಗಳು 1996ರಿಂದ ನದಿಯಲ್ಲಿ ಓಡುತ್ತಿವೆ, ಯೂನಿವರ್ಸಿಟಿಯ ಕಟ್ಟೆಯಿಂದ ಹತ್ತಿದರೆ ನಗರದ ಮಧ್ಯಕ್ಕೇ ಇಳಿಯಬಹುದು. ನದಿಯ ಆಚೆ ದಡಕ್ಕೆ ಎಲೀನರ್ ಶೋನೆಲ್ ಸೇತುವೆ ಇದೆ, 2006ರಲ್ಲಿ ಆದದ್ದು, ಅದರ ಮೇಲೆ ಬಸ್ಸು, ಸೈಕಲ್ಲು, ನಡೆಯುವವರು ಮಾತ್ರ, ಕಾರಿಗೆ ಪ್ರವೇಶವೇ ಇಲ್ಲ. 2024ರ ಆಗಸ್ಟ್‌ನಿಂದ ಬಸ್ಸು, ರೈಲು, ಸಿಟಿಕ್ಯಾಟ್ ಯಾವುದಕ್ಕೇ ಹೋಗಲಿ ಟಿಕೆಟ್ ಬರೀ 50 ಸೆಂಟ್. ಅಪ್ಪ ಅಮ್ಮಂದಿರು ಇದನ್ನು ಬರೆದಿಟ್ಟುಕೊಳ್ಳಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ನದಿಯ ವಿಷಯ.

ಶಿವಮೊಗ್ಗದಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಮಳೆಗಾಲದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ಮಂಟಪ ಮುಳುಗ್ತಾ?" ತುಂಗೆಯ ನಡುವೆ ಕೋರ್ಪಲಯ್ಯನ ಛತ್ರದ ಹತ್ತಿರ ಇರುವ ಕಲ್ಲಿನ ಮಂಟಪ ಅದು. ಅದು ಮುಳುಗಿತು ಅಂದರೆ ಹೊಳೆ ತುಂಬಿತು. ಜನ ಸೇತುವೆ ಮೇಲೆ ನಿಂತು ನೋಡುತ್ತಾರೆ, ಬಾಗಿನ ಬಿಡುತ್ತಾರೆ. ತಗ್ಗಿನ ಬೀದಿಯವರು ಮಾತ್ರ ಬಾಗಿನದ ಯೋಚನೆ ಬಿಟ್ಟು ಅಕ್ಕಿ ಡಬ್ಬ ಮೇಲಿಡುತ್ತಾರೆ. ನಮ್ಮ ಅಜ್ಜಿ ಮನೆ ನೋಡಲು ಹೋದರೆ ಮೊದಲು ಕೇಳುತ್ತಿದ್ದದ್ದು ಬಾವಿ ಎಲ್ಲಿದೆ, ಎರಡನೆಯದು ಹೊಳೆ ಎಲ್ಲಿಗೆ ಬಂದಿತ್ತು. ಅಂಥ ಊರಿಂದ ಬಂದ ನಾನೇ ಬ್ರಿಸ್ಬೇನ್‌ನಲ್ಲಿ ಮನೆ ಹಿಡಿಯುವಾಗ ಆ ಎರಡನೆಯ ಪ್ರಶ್ನೆ ಕೇಳಲಿಲ್ಲ. ಅಷ್ಟು ಅಚ್ಚುಕಟ್ಟಾದ ಊರು, ಕತ್ತರಿಸಿದ ಹುಲ್ಲು, ದಡದಲ್ಲಿ ಬೆಂಚು, ಇಲ್ಲಿ ಹೊಳೆ ಮನೆಯೊಳಗೆ ಬರುತ್ತದೆ ಅಂತ ತಲೆಗೇ ಹೊಳೆಯಲಿಲ್ಲ.

ಬರುತ್ತದೆ. 1893ರ ಫೆಬ್ರವರಿಯಲ್ಲಿ ಒಂದೇ ತಿಂಗಳಲ್ಲಿ ಮೂರು ಸಲ ಪ್ರವಾಹ ಬಂದು ನಗರದ ವಿಕ್ಟೋರಿಯಾ ಸೇತುವೆಯನ್ನೂ ಇಂಡೂರೂಪಿಲ್ಲಿಯ ರೈಲ್ವೆ ಸೇತುವೆಯನ್ನೂ ಕೊಚ್ಚಿಕೊಂಡು ಹೋಗಿತ್ತು. ಆಗ ನಗರದ ಮಾಪಕದಲ್ಲಿ ನೀರು 8.35 ಮೀಟರ್. 1974ರ ಜನವರಿಯಲ್ಲಿ 5.45. 2011ರ ಜನವರಿಯಲ್ಲಿ 4.46. 2022ರ ಫೆಬ್ರವರಿ 28ರಂದು 3.85. ಇಳಿಯುತ್ತಾ ಬಂದಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಈ ಲೆಕ್ಕ ನಗರದ ಮಧ್ಯದ್ದು. ಸೇಂಟ್ ಲೂಸಿಯಾ ನದಿಯ ಮೇಲ್ಭಾಗದಲ್ಲಿದೆ, ಪ್ರವಾಹ ಬಂದಾಗ ಇಲ್ಲಿ ನೀರು ಅದಕ್ಕಿಂತ ಎತ್ತರದಲ್ಲಿ ನಿಲ್ಲುತ್ತದೆ. ಟಿವಿಯಲ್ಲಿ ಹೇಳುವ ಅಂಕಿಯನ್ನು ನಿಮ್ಮ ಮನೆಯ ಮೆಟ್ಟಿಲಿಗೆ ಹಿಡಿದು ಅಳೆಯಲು ಬರುವುದಿಲ್ಲ.

"ಡ್ಯಾಮ್ ಇದೆಯಲ್ಲ, ಇನ್ನು ಹಾಗೆಲ್ಲ ಆಗಲ್ಲ" ಅಂತ ನಮಗೆ ಮನೆ ತೋರಿಸಿದ ಏಜೆಂಟ್ ಹೇಳಿದ್ದರು. 2011ರಲ್ಲಿ ಈ ಮನೆಗೆ ನೀರು ಬಂದಿತ್ತಾ ಅಂತ ನನ್ನ ಯಜಮಾನರು ಸುಮ್ನೆ ಒಂದು ಮಾತು ಕೇಳಿದ್ದಕ್ಕೆ ಬಂದ ಉತ್ತರ ಅದು. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ನಾವೂ ಅಲ್ಲಿಗೇ ಬಿಟ್ಟೆವು. ಡ್ಯಾಮ್ ಇರುವುದು ನಿಜ. 1974ರ ಪ್ರವಾಹದ ಮೇಲೆ ವಿವೆನ್‌ಹೋ ಅಣೆಕಟ್ಟು ಮುಗಿಸಿದರು, ನೀರು ತಡೆಯಲು ಅದರಲ್ಲಿ ಬೇರೆ ಜಾಗವೇ ಬಿಟ್ಟಿದ್ದಾರೆ. ಆದರೆ ಲಾಕಿಯರ್ ಹಳ್ಳ, ಬ್ರೆಮರ್ ನದಿ ಎರಡೂ ಬಂದು ಸೇರುವುದು ಅಣೆಕಟ್ಟಿನ ಕೆಳಗೆ. ನಗರದೊಳಗಿನ ಹಳ್ಳಗಳೂ ಅಷ್ಟೆ. ಮೋಡ ಬಂದು ಅಣೆಕಟ್ಟಿನ ಕೆಳಗೆ ಸುರಿದರೆ ಅಣೆಕಟ್ಟು ಏನು ಮಾಡುತ್ತದೆ? 2022ರಲ್ಲಿ ಆದದ್ದು ಅದೇ. ಮೂರೇ ದಿನದಲ್ಲಿ ನಗರದ ಮೇಲೆ 600 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಆಗುಂಬೆ ಮಳೆ ನೋಡಿದವಳು ನಾನು, ಆದರೂ ಆ ಮೂರು ದಿನ ಹೆದರಿದ್ದೆ. ಆಗುಂಬೆಯಲ್ಲಿ ಬಿದ್ದದ್ದು ಇಳಿದು ಹೋಗುತ್ತದೆ, ಇಲ್ಲಿ ಬಿದ್ದದ್ದು ಬಿದ್ದಲ್ಲೇ ಕೂರುತ್ತಿತ್ತು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ, ಅದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಪ್ರವಾಹ ಅಂದರೆ ಹೊಳೆ ದಡ ಮೀರಿ, ಹುಲ್ಲು ದಾಟಿ, ಎದುರು ಬಾಗಿಲಿಗೆ ಬರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಮ್ಮ ಮನೆಗೆ ಅದು ಹಿಂದಿನಿಂದ ಬಂತು. ರಸ್ತೆಯ ಮಳೆನೀರು ಹೋಗಲು ನೆಲದಡಿ ದೊಡ್ಡ ಪೈಪುಗಳಿವೆ, ಅವುಗಳ ಬಾಯಿ ನದಿಯಲ್ಲಿ. ನದಿ ಏರಿ ಆ ಬಾಯಿ ಮುಚ್ಚಿದರೆ ಮಳೆನೀರಿಗೆ ಹೋಗಲು ದಾರಿ ಇಲ್ಲ, ಮೇಲಾಗಿ ನದಿಯ ನೀರೇ ಅದೇ ಪೈಪಿನಲ್ಲಿ ಹಿಂದಕ್ಕೆ ಹತ್ತಿ ಬರುತ್ತದೆ. ಕೆಲವು ಕಡೆ ನಗರಪಾಲಿಕೆ ಒಮ್ಮುಖದ ಕವಾಟ ಹಾಕಿದೆ, ಎಲ್ಲ ಕಡೆ ಇಲ್ಲ. ಜೊತೆಗೆ ಸಮುದ್ರದ ಉಬ್ಬರ ಇಲ್ಲಿಯವರೆಗೂ, ಇನ್ನೂ ಮೇಲೆ ಮೌಂಟ್ ಕ್ರಾಸ್ಬಿ ಒಡ್ಡಿನವರೆಗೂ ಬರುತ್ತದೆ. ಮಳೆ ಇಲ್ಲದ ದಿನವೂ ನದಿ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಪ್ರವಾಹ ಮತ್ತು ಉಬ್ಬರ ಒಟ್ಟಿಗೆ ಬಿದ್ದರೆ ಕೇಳುವುದೇ ಬೇಡ.

2022ರ ಆ ಫೆಬ್ರವರಿಯ ಭಾನುವಾರ ಸಂಜೆ ಕರೆಂಟ್ ಹೋಗಿತ್ತು. ನಾನು ಕಾರ್ ನಿಲ್ಲಿಸುವ ಜಾಗಕ್ಕೆ ಟಾರ್ಚ್ ಹಿಡಿದು ಹೋದೆ. ನೆಲದಲ್ಲಿ ಒಂದು ಚರಂಡಿಯ ಜಾಲರಿ ಇತ್ತು, ಅಂಗೈ ಅಗಲದ್ದು. ಅದರಿಂದ ನೀರು ಉಕ್ಕುತ್ತಿತ್ತು. ಜೋರಾಗಿ ಅಲ್ಲ, ಹಾಲು ಉಕ್ಕುವ ಹಾಗೆ ನಿಧಾನಕ್ಕೆ, ಸದ್ದಿಲ್ಲದೆ, ಒಂದು ಒಣ ಎಲೆ ಅದರ ಮೇಲೆ ತಿರುಗುತ್ತಾ ಇತ್ತು. ನದಿ ಇನ್ನೂ ಹುಲ್ಲಿನಾಚೆ ತನ್ನ ಪಾಡಿಗೆ ಇತ್ತು, ಬೆಂಚು ಕೂಡ ಕಾಣುತ್ತಿತ್ತು. ಅದನ್ನು ನೋಡಿಕೊಂಡೇ ನಾವು ಧೈರ್ಯವಾಗಿದ್ದೆವು. ಆ ಜಾಲರಿ ನೋಡಿದಾಗ ಎದೆ ಧಸಕ್ಕೆಂದಿತು.

ಪಾಸ್‌ಪೋರ್ಟು, ಲ್ಯಾಪ್‌ಟಾಪು, ಮಗುವಿನ ಔಷಧಿ, ಮದುವೆಯ ಎರಡು ಸೀರೆ, ಇಷ್ಟು ಮೇಲಿನ ಮನೆಯವರಲ್ಲಿ ಇಟ್ಟೆವು. ಮೂರನೆಯ ಸಲ ಇಳಿದಾಗ ಮೊಣಕಾಲು ಮಟ್ಟ. ಅಮ್ಮ ಊರಿಂದ ಕಳಿಸಿದ್ದ ಗ್ರೈಂಡರ್ ಎತ್ತಲು ಆಗಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬ ಕೆಳಗಿನ ಕಪಾಟಿನಲ್ಲಿತ್ತು, ಅದೂ ಹೋಯಿತು. ಮರುದಿನ ಮೇಲಿನ ಮೆಟ್ಟಿಲಿಂದ ನೋಡಿದರೆ ನಮ್ಮ ಫ್ರಿಜ್ ಅಡುಗೆಮನೆಯಲ್ಲಿ ಮಲಗಿ ತೇಲುತ್ತಿತ್ತು.

ನೀರು ಇಳಿದ ಮೇಲೆ ಉಳಿದದ್ದು ಕೆಸರು. ನಮ್ಮ ಗದ್ದೆಯ ಕೆಸರಿನ ವಾಸನೆ ಅಲ್ಲ, ಅದು ಡೀಸೆಲ್ಲು ಮತ್ತು ಚರಂಡಿ ಸೇರಿದ ವಾಸನೆ. ನುಣ್ಣಗೆ ರುಬ್ಬಿದ ದೋಸೆ ಹಿಟ್ಟಿನಷ್ಟು ನಯ, ಒಣಗಿದರೆ ಸಿಮೆಂಟು. ಕಪಾಟಿನ ಬಾಗಿಲ ಮೇಲೆ ಸ್ಕೇಲ್ ಇಟ್ಟು ಎಳೆದ ಹಾಗೆ ಕಂದು ಗೆರೆ, ನನ್ನ ಎದೆಯ ಮಟ್ಟಕ್ಕೆ. ಗೊತ್ತಿಲ್ಲದ ಜನ ಗಮ್‌ಬೂಟ್ ಹಾಕಿಕೊಂಡು ಬಂದರು, ಒಬ್ಬರು ನೀರು ಚಿಮ್ಮುವ ಮೆಷಿನ್ ತಂದು ಗೋಡೆ ತೊಳೆದು ಹೆಸರೂ ಹೇಳದೆ ಹೋದರು. 2011ರಲ್ಲಿ ಹೀಗೇ ಸಾವಿರಾರು ಜನ ಬಕೆಟ್ಟು ಗುದ್ದಲಿ ಹಿಡಿದು ಬಂದಿದ್ದರಂತೆ, ಅವರಿಗೆ ಇಲ್ಲಿಯವರು ಕೆಸರು ಸೈನ್ಯ ಅಂತ ಹೆಸರಿಟ್ಟಿದ್ದಾರೆ. ಆ ಜನರ ಋಣ ನಾನು ಮರೆಯುವುದಿಲ್ಲ.

ಎರಡು ಮನೆ ಆಚೆ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಅವರದು ಹಳೆಯ ಕ್ವೀನ್ಸ್‌ಲ್ಯಾಂಡರ್ ಮನೆ. ಅಂದರೆ ಕಂಬಗಳ ಮೇಲೆ ಎತ್ತರಕ್ಕೆ ನಿಲ್ಲಿಸಿದ ಮರದ ಮನೆ, ಸುತ್ತ ಜಗುಲಿ, ಕೆಳಗೆ ಖಾಲಿ, ಬಟ್ಟೆ ಒಣಗಿಸಲು, ಸೈಕಲ್ ಇಡಲು. ಗಾಳಿ ಆಡಲಿ, ಗೆದ್ದಲು ಹತ್ತದಿರಲಿ, ನೀರು ಬಂದರೆ ಅಡಿಯಲ್ಲೇ ಹೋಗಲಿ ಅಂತ ಹಳಬರು ಹಾಗೆ ಕಟ್ಟುತ್ತಿದ್ದರು. ಅವರ ಒಂದು ಕಂಬದ ಮೇಲೆ 1974 ಅಂತ ಉಳಿಯಲ್ಲಿ ಕೆತ್ತಿದ ಗೆರೆ ಇತ್ತು, ಅದರ ಕೆಳಗೆ 2011. ಮೂರನೆಯ ಗೆರೆ ಎಳೆಯಲು ಅವರು ನನ್ನ ಕೈಯಲ್ಲಿ ಪೆನ್ಸಿಲ್ ಕೊಟ್ಟರು. ನನ್ನನ್ನು ಆಗ ಕಾಡಿದ್ದು ಒಂದೇ ಯೋಚನೆ. ಈ ಕಂಬ ನಮ್ಮ ಬಾಗಿಲಿಂದ ಐವತ್ತು ಹೆಜ್ಜೆ. ಮನೆ ನೋಡಲು ಬಂದ ದಿನ ಇಲ್ಲಿಯವರೆಗೆ ನಡೆದು ಬಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಈಗ ಮಕ್ಕಳನ್ನು ಕಳಿಸುವವರಿಗೆ ಹೇಳಬೇಕಾದ್ದು.

ನಡೆದು ಬಂದು ಕೇಳುವುದೂ ಬೇಕಾಗಿಲ್ಲ. ದಾವಣಗೆರೆಯಲ್ಲಿ ಕೂತು ಫೋನಿನಲ್ಲೇ ನೋಡಬಹುದು. ಬ್ರಿಸ್ಬೇನ್ ನಗರಪಾಲಿಕೆಯ ವೆಬ್‌ಸೈಟಿನಲ್ಲಿ ಫ್ಲಡ್‌ವೈಸ್ ಪ್ರಾಪರ್ಟಿ ರಿಪೋರ್ಟ್ ಅಂತ ಇದೆ. ಮನೆಯ ವಿಳಾಸ ಹಾಕಿದರೆ ಆ ಒಂದು ಜಾಗದ ವರದಿ ಬರುತ್ತದೆ, ಪುಕ್ಕಟೆ. ಆ ನೆಲ ಎಷ್ಟು ಎತ್ತರದಲ್ಲಿದೆ, ನೀರು ಎಲ್ಲಿಯವರೆಗೆ ಬರಬಹುದು ಅಂತ ಮೀಟರ್ ಲೆಕ್ಕದಲ್ಲಿ ಇರುತ್ತದೆ. ನೆಲದ ಮಟ್ಟಕ್ಕಿಂತ ನೀರಿನ ಮಟ್ಟ ಜಾಸ್ತಿ ಇದ್ದರೆ ಆ ವ್ಯತ್ಯಾಸವೇ ನಿಮ್ಮ ಮಗುವಿನ ಮಂಚದ ಹತ್ತಿರ ನಿಲ್ಲುವ ನೀರು. ಜೊತೆಗೆ ಫ್ಲಡ್ ಅವೇರ್‌ನೆಸ್ ಮ್ಯಾಪ್ ಇದೆ, ಅದರಲ್ಲಿ ನದಿಯ ನೀರು, ಹಳ್ಳದ ನೀರು, ಸಮುದ್ರ ಉಕ್ಕಿ ಬರುವ ನೀರು, ರಸ್ತೆ ಮೇಲೆ ಹರಿಯುವ ಮಳೆನೀರು, ನಾಲ್ಕನ್ನೂ ಬೇರೆ ಬೇರೆ ತೋರಿಸಿದ್ದಾರೆ. ನಾಲ್ಕನ್ನೂ ನೋಡಿ. ನದಿ ಒಂದನ್ನೇ ನೋಡಿ ಮುಚ್ಚಿಬಿಡಬೇಡಿ.

ಸೇಂಟ್ ಲೂಸಿಯಾ ಪೂರ್ತಿ ತಗ್ಗಲ್ಲ, ಇದು ಗೊತ್ತಿರಲಿ. ಸ್ವಾನ್ ರೋಡ್ ಕಡೆ ಒಳ್ಳೆಯ ಏರು, ಕಾಲು ನೋಯುವಷ್ಟು. ಒಂದೇ ರಸ್ತೆಯ ಒಂದು ತುದಿ ದಿಣ್ಣೆ, ಇನ್ನೊಂದು ತುದಿ ನೀರಿನ ದಾರಿ. ಹಾಗಾಗಿ ಊರಿನ ಹೆಸರು ಕೇಳಿ ಹೆದರಿ ಬಿಡುವುದೂ ತಪ್ಪು, ಹೆಸರು ಕೇಳಿ ಒಪ್ಪುವುದೂ ತಪ್ಪು. ಮನೆ ನಂಬರ್ ಹಾಕಿಯೇ ನೋಡಬೇಕು. ಅದೇ ಕಟ್ಟಡದಲ್ಲಿ ಎರಡನೇ ಮಹಡಿ ಸಿಕ್ಕಿದರೂ ಪರವಾಗಿಲ್ಲ, ಕರೆಂಟು ಲಿಫ್ಟು ಕೆಲವು ದಿನ ಹೋಗಬಹುದು, ಸಾಮಾನು ಉಳಿಯುತ್ತದೆ. ಟಿಕೆಟ್ 50 ಸೆಂಟ್ ಅಂತ ಬರೆದಿಟ್ಟುಕೊಳ್ಳಿ ಅಂದೆನಲ್ಲ, ಅದು ಇದಕ್ಕೇ. ಕ್ಯಾಂಪಸ್ ಬಾಗಿಲಲ್ಲೇ ಇರಬೇಕೆಂದು ತಗ್ಗಿನ ಮನೆ ಹಿಡಿಯುವುದಕ್ಕಿಂತ ಸ್ವಲ್ಪ ದೂರದಲ್ಲಿ ಎತ್ತರದ ಮನೆ ಹಿಡಿದು ದಿನಾ ಬಸ್ಸಿನಲ್ಲಿ ಬಂದರೆ ಹೋಗಿ ಬರಲು ಒಂದೇ ಡಾಲರ್. 2025ರಿಂದ ಮೆಟ್ರೊ ಅಂತ ಉದ್ದನೆಯ ಎಲೆಕ್ಟ್ರಿಕ್ ಬಸ್ಸುಗಳೂ ನದಿಯಾಚೆಯಿಂದ ಆ ಸೇತುವೆ ದಾಟಿ ಕ್ಯಾಂಪಸ್‌ಗೆ ಬರುತ್ತಿವೆ.

ಬಾಡಿಗೆ ಇಲ್ಲಿ ವಾರದ ಲೆಕ್ಕ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ, ಸಾಮಾನ್ಯವಾಗಿ ನಾಲ್ಕು ವಾರದ ಬಾಡಿಗೆ ಬಾಂಡ್ ಅಂತ ಕೊಡಬೇಕು. ಆ ದುಡ್ಡು ಮಾಲೀಕರ ಕೈಯಲ್ಲಿ ಉಳಿಯುವುದಿಲ್ಲ, ಆರ್‌ಟಿಎ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಇಡುತ್ತಾರೆ. ಪ್ರವಾಹದಿಂದ ಮನೆ ವಾಸಕ್ಕೆ ಆಗದ ಸ್ಥಿತಿಗೆ ಬಂದರೆ ಒಂದು ತಿಂಗಳೊಳಗೆ ನೋಟಿಸ್ ಕೊಟ್ಟು ಕೊಟ್ಟ ದಿನವೇ ಬಿಡಬಹುದು. ನಮಗೆ ಇದು ಗೊತ್ತಿರಲಿಲ್ಲ. ಕರಾರು ಮುರಿದರೆ ಬಾಂಡ್ ಹೋಗುತ್ತದೆ ಅಂತ ಹೆದರಿ ಎರಡು ವಾರ ಸ್ನೇಹಿತರ ಮನೆಯ ಹಾಲ್‌ನಲ್ಲಿ ಮಲಗಿಕೊಂಡು ಒದ್ದೆ ಮನೆಗೂ ಬಾಡಿಗೆ ಕಟ್ಟಿದೆವು. ಇನ್ನು ವಿಮೆ. ಮಾಲೀಕರ ವಿಮೆ ಅವರ ಗೋಡೆಗೆ, ನಿಮ್ಮ ಲ್ಯಾಪ್‌ಟಾಪಿಗಲ್ಲ. ಸಾಮಾನಿಗೆ ಬೇರೆ ವಿಮೆ ಮಾಡಿಸಬೇಕು, ಮಾಡಿಸುವಾಗ ಅದರಲ್ಲಿ ಪ್ರವಾಹ ಸೇರಿದೆಯಾ ಅಂತ ಓದಬೇಕು. ಬಿರುಗಾಳಿ ಮಳೆ ಬೇರೆ, ಪ್ರವಾಹ ಬೇರೆ ಅಂತ ಲೆಕ್ಕ ಹಾಕುತ್ತಾರೆ. ನಗರಪಾಲಿಕೆಯ ಹವಾಮಾನ ಎಚ್ಚರಿಕೆ ಮೆಸೇಜಿಗೆ ಬಂದ ದಿನವೇ ಹೆಸರು ಹಾಕಿಸಿ, ಪುಕ್ಕಟೆ. ಎಸ್‌ಇಎಸ್ ಅಂತ ಇದೆ, ಪ್ರವಾಹ ಬಿರುಗಾಳಿಗೆ ಸಹಾಯಕ್ಕೆ ಬರುವವರು, ಅವರ ನಂಬರ್ 132 500. ಪ್ರಾಣಕ್ಕೆ ಅಪಾಯ ಅಂದರೆ 000. ನೀರು ಹರಿಯುವ ರಸ್ತೆಯಲ್ಲಿ ಕಾರು ಇಳಿಸಬೇಡಿ ಅಂತ ಮಕ್ಕಳಿಗೆ ಗಟ್ಟಿಯಾಗಿ ಹೇಳಿ. ನದಿಯಲ್ಲಿ ಈಜಲೂ ಬೇಡ, ಬುಲ್ ಶಾರ್ಕ್ ಇವೆ.

ನನ್ನ ಮೇಲೆ ಒಬ್ಬರು ಕೋಪಿಸಿಕೊಂಡಿದ್ದಾರೆ. ಮಗನಿಗೆ ಸಿಕ್ಕಿದ್ದ ಚೆಂದದ ಮನೆಯನ್ನು ಬೇಡ ಅಂದೆ ಅಂತ. "ಹತ್ತು ವರ್ಷಕ್ಕೊಮ್ಮೆ ಬರೋದು, ಅವನಿರೋದು ಎರಡು ವರ್ಷ, ಇಷ್ಟು ಹೆದರಿಸ್ತೀರಲ್ಲ" ಅಂದರು. ಮಾತು ಲೆಕ್ಕಕ್ಕೆ ಸರಿ. ಆದರೆ ಹೊಳೆ ಹತ್ತು ವರ್ಷ ಎಣಿಸಿಕೊಂಡು ಬರುವುದಿಲ್ಲ. 1893ರಲ್ಲಿ ಒಂದೇ ತಿಂಗಳಲ್ಲಿ ಮೂರು ಸಲ ಬಂದದ್ದು ಮೇಲೆ ಬರೆದಿದ್ದೇನೆ. 2025ರ ಮಾರ್ಚ್‌ನಲ್ಲಿ ಆಲ್ಫ್ರೆಡ್ ಚಂಡಮಾರುತ ನಗರದ ಹತ್ತಿರಕ್ಕೇ ಬಂದಾಗ ಇಡೀ ಬ್ರಿಸ್ಬೇನ್ ಮರಳಿನ ಚೀಲಕ್ಕೆ ಸಾಲು ನಿಂತಿತ್ತು. ಸಾಲ ಮಾಡಿ ಓದಲು ಬಂದ ಹುಡುಗನಿಗೆ ಲ್ಯಾಪ್‌ಟಾಪು, ಹಾಸಿಗೆ, ಪುಸ್ತಕ, ಅಕ್ಕಿ ಬೇಳೆ ಒಂದೇ ರಾತ್ರಿಯಲ್ಲಿ ಹೋದರೆ ಇಲ್ಲಿ ಅವನಿಗೆ ಅಜ್ಜನ ಮನೆ ಇಲ್ಲ, ಅತ್ತೆ ಮನೆ ಇಲ್ಲ. ನಾವು ಸಂಸಾರಸ್ಥರು, ಇಬ್ಬರು ದುಡಿಯುವವರು, ನಮಗೇ ಸುಧಾರಿಸಿಕೊಳ್ಳಲು ವರ್ಷ ಹಿಡಿಯಿತು.

ನಾವೀಗ ಅದೇ ಸೇಂಟ್ ಲೂಸಿಯಾದ ಏರಿನ ಮೇಲೆ ಇದ್ದೇವೆ. ಹೊಳೆ ಕಾಣುವುದಿಲ್ಲ, ಸಂಜೆ ಹತ್ತು ನಿಮಿಷ ಇಳಿದು ಹೋಗಿ ನೋಡಿ ಬರುತ್ತೇನೆ. ದಡದ ಉದ್ದಕ್ಕೂ ಪಾರ್ಕ್, ಎಲ್ಲರೂ ಕೂರಬಹುದು, ಅದಕ್ಕೆ ಬಾಡಿಗೆ ಇಲ್ಲ.

ಫೆಬ್ರವರಿ ಸೆಮಿಸ್ಟರ್‌ಗೆ ಹೊರಡುವವರು ಡಿಸೆಂಬರ್‌ನಲ್ಲೇ ಆನ್‌ಲೈನ್‌ನಲ್ಲಿ ಬಾಂಡ್ ಕಟ್ಟಿಬಿಡುತ್ತಾರೆ. ದಯವಿಟ್ಟು ಅದಕ್ಕಿಂತ ಮೊದಲು ಈ ಪತ್ರ ಪ್ರಕಟಿಸಿ. ಉದ್ದವಾಯಿತು ಅಂದರೆ ಊರಿನ ವರ್ಣನೆ ತೆಗೆದುಹಾಕಿ, ಕವಾಟ ಇಲ್ಲದ ಪೈಪಿನ ವಿಷಯ ಮತ್ತು ವಿಳಾಸ ಹಾಕಿ ವರದಿ ತೆಗೆಯುವ ವಿಷಯ ಮಾತ್ರ ಬಿಡಬೇಡಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಬ್ರಿಸ್ಬೇನ್‌ನಿಂದ